ಬೋಣಿಯ ಹೊತ್ತು

ಕೆಲವರಿಗೆ ಹಲ್ಲಿ ಕಂಡರೆ ಭಯ, ಕೆಲವರಿಗೆ ಲಿಫ್ಟ್ ಕಂಡರೆ ಭಯ. ನನಗೆ ಅಂಗಡಿಯಿಂದ ಬರಿಗೈಯಲ್ಲಿ ಹೊರಗೆ ಬರುವುದೆಂದರೆ ಭಯ. ಒಳಗೆ ಹೋಗುವುದಕ್ಕೆ ಏನೂ ತೊಂದರೆಯಿಲ್ಲ. ಬಾಗಿಲು ತಳ್ಳುತ್ತೇನೆ, ಅಂಗಡಿಯವರು ನಗುತ್ತಾರೆ, ನಾನೂ ನಗುತ್ತೇನೆ. ಅಲ್ಲಿಗೆ ನನ್ನ ಕಥೆ ಮುಗಿದಂತೆ. ಆ ನಗುವಿಗೆ ಬದಲಾಗಿ ಏನನ್ನಾದರೂ ಕೊಳ್ಳದೆ ಆ ಬಾಗಿಲನ್ನು ಮತ್ತೆ ದಾಟಲು ನನ್ನ ಕಾಲೇ ಏಳುವುದಿಲ್ಲ. ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿರುವ ನನ್ನ ಪುಟ್ಟ ಕೋಣೆಯನ್ನು ನೋಡಿದವರಿಗೆ ಇದು ಗೊತ್ತು. ಹೆಚ್ಚು ಜನ ನೋಡಿಲ್ಲ, ನಾನು ಕರೆಯುವುದಿಲ್ಲ. ನನಗೆ ನಾಯಿಯಿಲ್ಲ, ಆದರೆ ನಾಯಿಯ ಕೊರಳಿಗೆ ಕಟ್ಟುವ ಕೆಂಪು ಚರ್ಮದ ಪಟ್ಟಿಯಿದೆ. ಸಮುದ್ರಕ್ಕೆ ಪಾದ ನೆನೆಯುವಷ್ಟು ಮಾತ್ರ ಇಳಿಯುವ ನನ್ನ ಬಳಿ ಸರ್ಫಿಂಗ್ ಹಲಗೆಗೆ ಉಜ್ಜುವ, ತೆಂಗಿನಕಾಯಿಯ ಪರಿಮಳದ ಮೇಣವಿದೆ. ವರ್ಷವಿಡೀ ಬಿಸಿಲು ಕಾಯುವ ಈ ಊರಿನಲ್ಲಿ ಹಿಮದ ಮೇಲೆ ನಡೆಯುವ ಬೂಟುಗಳು ನನ್ನ ಮಂಚದ ಕೆಳಗೆ ಹಿಮಕ್ಕಾಗಿ ಕಾಯುತ್ತಿವೆ.

ಇದಕ್ಕೆಲ್ಲ ಕಾರಣ ನಮ್ಮಪ್ಪನ ಜವಳಿ ಅಂಗಡಿ. ಮೈಸೂರಿನಲ್ಲಿ ನಾನು ಬೆಳೆದದ್ದು ಮನೆಯಲ್ಲಿ ಎನ್ನುವುದಕ್ಕಿಂತ ಆ ಅಂಗಡಿಯ ಬೀರುಗಳ ಸಂದಿಯಲ್ಲಿ ಎನ್ನುವುದು ಸರಿ. ಬೆಳಿಗ್ಗೆ ಬೋಣಿ ಆಗುವ ತನಕ ಅಪ್ಪ ಕಾಫಿ ಕೂಡ ಕುಡಿಯುತ್ತಿರಲಿಲ್ಲ. ಮೊದಲ ಗಿರಾಕಿ ಕೊಟ್ಟ ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದ ಮೇಲೆಯೇ ಅವರ ಮುಖದಲ್ಲಿ ಬೆಳಗಾಗುತ್ತಿದ್ದುದು. ಆದರೆ ಕೆಲವು ದಿನ ಮೊದಲ ಗಿರಾಕಿಯಾಗಿ ಒಂದು ಕುಟುಂಬವೇ ಬಂದು, ಇದ್ದಬದ್ದ ಸೀರೆಯನ್ನೆಲ್ಲ ಬಿಚ್ಚಿಸಿ, ಸೆರಗನ್ನು ಬಿಸಿಲಿಗೆ ಹಿಡಿದು ನೋಡಿ, ಕೊನೆಗೆ "ಹೋಗಿ ಬರ್ತೀವಿ" ಎಂದು ಎದ್ದುಬಿಡುತ್ತಿತ್ತು. ಅಪ್ಪ ಒಂದೊಂದೇ ಸೀರೆಯನ್ನು, ಬಂದ ಮಡಿಕೆಯಲ್ಲೇ, ಮಡಿಸುತ್ತಾ ಕೂರುತ್ತಿದ್ದರು. ಆ ದಿನ ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾದರೂ ಅದಕ್ಕೆ ಆ ಗಿರಾಕಿಯೇ ಹೊಣೆ. ಹೀಗೆ ಬೆಳೆದವಳು ಬೆಳಿಗ್ಗೆ ಹತ್ತು ಗಂಟೆಗೆ, ಇನ್ನೂ ಯಾರೂ ಕಾಲಿಡದ ಅಂಗಡಿಯೊಳಗೆ ಹೋಗಿ ಬರಿಗೈಯಲ್ಲಿ ಹೊರಗೆ ಬರುವುದುಂಟೇ? ಅದಕ್ಕೇ ನಾನು ಮಧ್ಯಾಹ್ನದ ಮೇಲೆ ಮಾತ್ರ ಅಂಗಡಿಗೆ ಹೋಗುವ ನಿಯಮ ಮಾಡಿಕೊಂಡಿದ್ದೆ. ಪಾಪ ಸ್ವಲ್ಪ ಕಡಿಮೆ, ಖರ್ಚು ಅಷ್ಟೇ.

ಇಂಥ ನಾನು ವಿಶ್ವವಿದ್ಯಾಲಯದಲ್ಲಿ ಹಿಡಿದ ಸಂಶೋಧನೆಯ ವಿಷಯ ಯಾವುದು ಗೊತ್ತೇ? ಹತ್ತೊಂಬತ್ತನೆಯ ಶತಮಾನದ ಅಮೆರಿಕದ ನಗರಗಳಲ್ಲಿ ಹೆಂಗಸರ ಶಾಪಿಂಗ್ ಮತ್ತು ಅದರ ಬಗ್ಗೆ ಪತ್ರಿಕೆಗಳಲ್ಲಿ ಬರುತ್ತಿದ್ದ ನಗೆಬರಹಗಳು. ಆ ಬರಹಗಳಲ್ಲಿ ಬರುವ ಮಹಿಳೆ ಹೆಚ್ಚುಕಡಿಮೆ ಒಬ್ಬಳೇ. ಬಾಗಿಲಲ್ಲಿ ಹಿಡಿಸದಷ್ಟು ಅಗಲದ ಲಂಗ, ತಲೆಯ ಮೇಲೆ ಒಂದು ಸಣ್ಣ ತೋಟವನ್ನೇ ಹೊತ್ತ ಟೋಪಿ. ಗಾಡಿಯಿಂದ ಇಳಿದು ಅಂಗಡಿಗೆ ಬರುತ್ತಾಳೆ, ಎತ್ತರದ ಹಲಗೆಯಲ್ಲಿರುವ ರೇಷ್ಮೆಯನ್ನೇ ಬೇಕೆಂದು ಇಳಿಸುತ್ತಾಳೆ, ಇನ್ನೊಂದು ಬಣ್ಣ ಕೇಳುತ್ತಾಳೆ, ಮತ್ತೆ ಮೊದಲಿನದನ್ನೇ ಕೇಳುತ್ತಾಳೆ, ಗೆಳತಿಗೆ ತೋರಿಸಲು ಒಂದು ಚೂರು ಕತ್ತರಿಸಿಕೊಂಡು ಪಕ್ಕದ ಅಂಗಡಿಗೆ ನಡೆಯುತ್ತಾಳೆ. ದಿನವೆಲ್ಲ ಹೀಗೆ ಕಳೆದು ಕೊನೆಗೆ ಒಂದು ಪಟ್ಟಿ ಗುಂಡುಸೂಜಿ ಕೊಂಡು, ಅದನ್ನೂ ಮನೆಗೆ ಕಳಿಸಿಕೊಡಿ ಎನ್ನುತ್ತಾಳೆ. ಗಂಡಸರು ಇದನ್ನು ಓದಿ ನಕ್ಕರು. ನಾನು ನಗಲಿಲ್ಲ, ಪ್ರಬಂಧ ಬರೆದೆ. ಊರಿನ ಬೀದಿಯಲ್ಲಿ ಒಬ್ಬಳೇ ಓಡಾಡುವುದು, ಮುಟ್ಟಿ ನೋಡುವುದು, ಅಭಿಪ್ರಾಯ ಹೇಳುವುದು, ಕೊನೆಗೆ ಬೇಡ ಎನ್ನುವುದು, ಇದೆಲ್ಲ ಅವಳ ಪಾಲಿಗೆ ಸಿಕ್ಕಿದ ಸ್ವಾತಂತ್ರ್ಯ ಎಂದು ವಾದಿಸಿದೆ. ನನ್ನ ಪ್ರೊಫೆಸರರಿಗೆ ಬಹಳ ಸಂತೋಷವಾಯಿತು. ಬರೆದದ್ದೆಲ್ಲ ನಿಜವೇ. ಆದರೆ ಬರೆಯುವಾಗ ನನ್ನ ಕಣ್ಣು ಆ ಮಹಿಳೆಯ ಹಿಂದೆ ಹೋಗುತ್ತಿರಲಿಲ್ಲ. ಅವಳು ಹೋದ ಮೇಲೆ ಆ ರೇಷ್ಮೆಯನ್ನೆಲ್ಲ ಮಡಿಸುತ್ತಿದ್ದನಲ್ಲ, ಅವನ ಮೇಲೆಯೇ ನಿಲ್ಲುತ್ತಿತ್ತು.

ಕೋವಿಡ್ಡಿಗೆ ಹೆದರಿ ಮನೆಯಲ್ಲೇ ಕುಳಿತ ಆ ಎರಡು ವರ್ಷ ನನ್ನ ಪಾಲಿಗೆ ಸ್ವರ್ಗ. ಎಲ್ಲವೂ ಆನ್‌ಲೈನ್. ನೋಡಬಹುದು, ಬುಟ್ಟಿಗೆ ಹಾಕಬಹುದು, ಯಾರ ಮುಖವೂ ಬಾಡದಂತೆ ಎದ್ದು ಹೋಗಬಹುದು ಎಂದುಕೊಂಡೆ. ಮಾರನೆಯ ದಿನವೇ ಇಮೇಲ್ ಬಂತು: ನಿಮ್ಮ ಬುಟ್ಟಿಯಲ್ಲಿ ಏನನ್ನೋ ಬಿಟ್ಟುಹೋಗಿದ್ದೀರಿ, ಅದು ನಿಮಗಾಗಿ ಕಾಯುತ್ತಿದೆ. ಇದನ್ನು ಯಂತ್ರ ಕಳಿಸಿದ್ದೆಂದು ನನಗೆ ಗೊತ್ತು. ಆದರೂ ಯಾರೋ ಎಲ್ಲೋ ಮಡಿಸುತ್ತಾ ಕೂತಿದ್ದಾರೆ ಅನ್ನಿಸಿತು. ಹಿಮದ ಬೂಟು ಮನೆಗೆ ಬಂದದ್ದು ಹಾಗೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಓದು ಮುಗಿಯುತ್ತಾ ಬಂದಿತ್ತು. ಅದು ಮುಗಿದ ಮೇಲೆ ಕೆಲಸ ಸಿಗದಿದ್ದರೆ ವೀಸಾ ಮುಗಿಯುತ್ತದೆ, ಗಂಟುಮೂಟೆ ಕಟ್ಟಬೇಕು. ಹತ್ತೊಂಬತ್ತನೆಯ ಶತಮಾನದ ಗುಂಡುಸೂಜಿಯ ಬಗ್ಗೆ ತಿಳಿದವರು ಬೇಕು ಎಂದು ಯಾರೂ ಜಾಹೀರಾತು ಕೊಡುವುದಿಲ್ಲ. ಅರ್ಜಿಗಳನ್ನು ಹಾಕಿ ಹಾಕಿ ಸುಸ್ತಾಗಿದ್ದಾಗ ಲಾಸ್ ಏಂಜಲೀಸಿನ ಒಂದು ಸಣ್ಣ ಉಡುಪು ಮ್ಯೂಸಿಯಮ್ಮಿನವರು ಇಂಟರ್ವ್ಯೂಗೆ ಕರೆದರು. ಹಳೆಯ ಕಾಲದ ಶಾಪಿಂಗ್ ಬಗ್ಗೆಯೇ ಒಂದು ಪ್ರದರ್ಶನ ಮಾಡುತ್ತಾರಂತೆ, ಅದಕ್ಕೊಬ್ಬ ಸಹಾಯಕಿ ಬೇಕಂತೆ. ಇಂಥ ಕೆಲಸ ಇನ್ನೊಂದು ಹುಟ್ಟುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ತೊಂದರೆಯೆಂದರೆ, ಅಲ್ಲಿಯ ತನಕ ನನ್ನ ಇಂಟರ್ವ್ಯೂಗಳೆಲ್ಲ ವಿಡಿಯೋದಲ್ಲಿ ನಡೆದಿದ್ದವು. ಮೇಲೆ ಕೋಟು, ಕೆಳಗೆ ಪೈಜಾಮ. ಆ ಕೋಟು ನನ್ನ ರೂಮ್‌ಮೇಟ್‌ದು. ಅವಳು ಅದನ್ನು ಹಾಕಿಕೊಂಡೇ ಬಾಸ್ಟನ್ನಿಗೆ ಹೊರಟುಹೋಗಿದ್ದಳು. ಇದು ಮುಖಾಮುಖಿ ಇಂಟರ್ವ್ಯೂ, ಅದೂ ಬಟ್ಟೆಯನ್ನೇ ಓದಿದವರ ಮುಂದೆ. ನನಗೆ ಒಂದು ಬೂದು ಬಣ್ಣದ ಕೋಟು ಬೇಕಿತ್ತು.

ಅರ್ಧ ಗಂಟೆಯ ದೂರದ ಕಾರ್ಲ್ಸ್‌ಬಾಡಿನಲ್ಲಿರುವ ನಮ್ಮ ದೊಡ್ಡಮ್ಮನಿಗೆ ನಾನು ಹೇಳಿದ್ದು ಇಷ್ಟೇ: ಲಾಸ್ ಏಂಜಲೀಸಿನಲ್ಲಿ ಒಂದು ಸಣ್ಣ ಕೆಲಸವಿದೆ, ಹಾಗೇ ಒಂದು ಕೋಟು ತಗೋಬೇಕು. ಇಂಟರ್ವ್ಯೂ ಎನ್ನಲಿಲ್ಲ. ಹೇಳಿದರೆ ಸಂಜೆಯೊಳಗೆ ಮೈಸೂರಿಗೆ ತಿಳಿಯುತ್ತದೆ, ಕೆಲಸ ಸಿಗದಿದ್ದರೆ ಅದನ್ನೂ ಒಬ್ಬೊಬ್ಬರಿಗೂ ಹೇಳಬೇಕಾಗುತ್ತದೆ. ದೊಡ್ಡಮ್ಮ ರಿಟೈರ್ ಆದ ಡಾಕ್ಟರು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವುದು ಅವರ ಕೆಲಸವಾಗಿತ್ತು. ಮೂವತ್ತು ವರ್ಷ ಜನರನ್ನು ಮಲಗಿಸಿದ ಅವರು ಈಗ ಅಂಗಡಿಯವರ ನಿದ್ದೆ ಕೆಡಿಸುತ್ತಾರೆ. "ನೀನೊಬ್ಳೇ ಹೋದ್ರೆ ಮೊದಲನೇ ಅಂಗಡೀಲೇ ಏನೋ ಒಂದು ತಗೊಂಡು ಬರ್ತೀಯ, ನಾನೇ ಡ್ರೈವ್ ಮಾಡ್ತೀನಿ" ಎಂದರು. ಬೇಡ ಎನ್ನಲು ನನಗೆ ಬರುವುದಿಲ್ಲವೆಂದು ಮೇಲೆಯೇ ತಿಳಿಸಿದ್ದೇನೆ.

ಫ್ರೀವೇಯಲ್ಲಿ ಅವರು ಕೇಳಿದರು, "ಎಷ್ಟೊತ್ತಿಗೆ ನಿನ್ನ ಸಣ್ಣ ಕೆಲಸ?"

"ಎರಡು ಗಂಟೆಗೆ."

"ಎಲ್ಲಿ?"

"ಒಂದು ಮ್ಯೂಸಿಯಂ ಹತ್ರ."

"ಮ್ಯೂಸಿಯಂ," ಎಂದು ದೊಡ್ಡಮ್ಮ ರುಚಿ ನೋಡುವಂತೆ ಹೇಳಿದರು. "ಒಳ್ಳೇ ಜಾಗ ಕಣೇ. ಗಲಾಟೆ ಇರಲ್ಲ, ಕೂತು ಮಾತಾಡಬಹುದು. ಎಲ್ ಸೆಗುಂಡೋ ಇಂದ ಬರೋರಿಗೂ ಅಷ್ಟೇನೂ ದೂರ ಆಗಲ್ಲ."

ಲಾಸ್ ಏಂಜಲೀಸಿನ ಅಂಚಿನ ಎಲ್ ಸೆಗುಂಡೋದಲ್ಲಿ ಅವರ ಗೆಳತಿಯ ಮಗನೊಬ್ಬ ಉಪಗ್ರಹ ಕಟ್ಟುತ್ತಾನೆ. ಅವನನ್ನು ಒಂದು ಸಲ ಭೇಟಿಯಾಗು ಎಂದು ವರ್ಷದಿಂದ ಹೇಳುತ್ತಿದ್ದರು. ಅವನನ್ನು ನೋಡಲು ಹೋಗುತ್ತಿಲ್ಲ ಎಂದರೆ ಮತ್ತೇತಕ್ಕೆ ಎಂದು ಹೇಳಬೇಕಾಗುತ್ತಿತ್ತು. ನಾನು ಕಿಟಕಿಯಾಚೆ ಸಮುದ್ರವನ್ನು ನೋಡುತ್ತಾ ಕೂತೆ. ದೊಡ್ಡಮ್ಮ ಅದನ್ನು ನಾಚಿಕೆ ಎಂದು ತಿಳಿದು ರೇಡಿಯೋದ ದನಿ ತಗ್ಗಿಸಿದರು.

ಲಾಸ್ ಏಂಜಲೀಸಿನ ಡೌನ್‌ಟೌನಿನಲ್ಲಿ ಬಟ್ಟೆ ಅಂಗಡಿಗಳದೇ ಬೀದಿಗಳಿವೆ. ನಾವು ಹೋದಾಗ ಷಟರುಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಒಂದು ಅಂಗಡಿಯ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ಫುಟ್‌ಪಾತಿಗೆ ನೀರು ಚಿಮುಕಿಸುತ್ತಿದ್ದರು, ರಂಗೋಲಿ ಬಿಡಿಸುವುದೊಂದು ಬಾಕಿ. ನಾನು ದೊಡ್ಡಮ್ಮನ ತೋಳು ಹಿಡಿದು ನಿಲ್ಲಿಸಿದೆ.

"ದೊಡ್ಡಮ್ಮ, ಇಲ್ಲಿ ಈಗ ಬೇಡ. ಇನ್ನೂ ಬೋಣಿ ಆಗಿಲ್ಲ."

"ಏನು ಆಗಿಲ್ಲ?"

"ಬೋಣಿ."

ದೊಡ್ಡಮ್ಮ ನನ್ನನ್ನು ಅರೆಪ್ರಜ್ಞೆಯಲ್ಲಿ ಬಡಬಡಿಸುವ ಪೇಷಂಟನ್ನು ನೋಡುವಂತೆ ನೋಡಿದರು. "ಅಮೆರಿಕಕ್ಕೆ ಬಂದು ಪಿಎಚ್‌ಡಿ ಮಾಡಿ ಬೋಣಿ ಅಂತೀಯಲ್ಲೇ. ನಿಮ್ಮಪ್ಪ ಅಂಗಡೀನ ನಿನ್ನ ತಲೇಲಿಟ್ಟು ಕಳಿಸಿದಾನೆ," ಎಂದು ಒಳಗೆ ನಡೆದರು.

ಮುಂದಿನ ಒಂದು ಗಂಟೆ ನಾನು ನನ್ನ ಪ್ರಬಂಧವನ್ನು ಕಣ್ಣಾರೆ ನೋಡಿದೆ. ಲಂಗ ಮತ್ತು ಟೋಪಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಎತ್ತರದ ಗೂಟದಲ್ಲಿದ್ದ ಕೋಟುಗಳೆಲ್ಲ ಕೆಳಗಿಳಿದವು. ಅಂಗಡಿಯವರ ಹೆಸರು ಎಲೆನಾ ಎಂದು ದೊಡ್ಡಮ್ಮ ಕೇಳಿ ತಿಳಿದುಕೊಂಡು, ತಮ್ಮ ಸ್ಪ್ಯಾನಿಷನ್ನು ಹೊರಗೆ ತೆಗೆದರು. ಅದು ಆಸ್ಪತ್ರೆಯಲ್ಲಿ ಕಲಿತ ಸ್ಪ್ಯಾನಿಷ್. ರೋಗಿಗೆ ಹೇಳುವ ನಾಲ್ಕು ಮಾತು ಬಿಟ್ಟು ಅದರಲ್ಲಿ ಬೇರೇನೂ ಇಲ್ಲ. ನಾನೊಂದು ಬೂದು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಾಗ ದೊಡ್ಡಮ್ಮ ಭುಜದ ಹೊಲಿಗೆಯನ್ನು ಒತ್ತಿ, "ಇಲ್ಲಿ ನೋವಿದೆಯೇ?" ಎಂದು ಕೇಳಿದರು. ಎಲೆನಾ ಸ್ವಲ್ಪವೂ ವಿಚಲಿತರಾಗದೆ, "ಇಲ್ಲ ಡಾಕ್ಟರೇ, ತೋಳಿನಲ್ಲಿ ಮಾತ್ರ ಸ್ವಲ್ಪ," ಎಂದರು. ತೋಳು ಒಂದು ಬೆರಳು ಉದ್ದವಿತ್ತು. "ದೀರ್ಘವಾಗಿ ಉಸಿರೆಳೆದುಕೋ" ಎಂದು ದೊಡ್ಡಮ್ಮ ನನಗೂ ಸ್ಪ್ಯಾನಿಷಿನಲ್ಲೇ ಹೇಳಿದರು. ಗುಂಡಿ ಬಿಗಿಯಾಗುತ್ತದೆಯೇ ಎಂದು ನೋಡಲು. ಆಗಲಿಲ್ಲ. ತೋಳೊಂದು ಬಿಟ್ಟರೆ ಆ ಕೋಟು ನನಗಾಗಿಯೇ ಹೊಲಿದಂತಿತ್ತು.

"ಇದೇ ತಗೋತೀನಿ ದೊಡ್ಡಮ್ಮ."

"ಸುಮ್ನಿರೇ. ಮೊದಲನೇ ಅಂಗಡೀಲಿ ಯಾರಾದ್ರೂ ತಗೋತಾರಾ? ಅದೂ ಬೂದಿ ಬಣ್ಣ. ಸಾವಿನ ಮನೆಗೆ ಹೋಗ್ತಿದೀಯೋ, ಮ್ಯೂಸಿಯಂಗೆ ಹೋಗ್ತಿದೀಯೋ? ನಡಿ, ಬಾಗಿಲ ತನಕ ಹೋಗೋಣ, ಅವಳೇ ಕರೀತಾಳೆ."

ನಾವು ಬಾಗಿಲ ತನಕ ಹೋದೆವು. ಎಲೆನಾ ಕರೆಯಲಿಲ್ಲ. ತಿರುಗಿ ನೋಡಿದರೆ ರಾಶಿಯಿಂದ ಒಂದು ಕೋಟನ್ನು ಎತ್ತಿ, ಅದರ ಭುಜವನ್ನು ಜೋಡಿಸಿ, ಸುಕ್ಕು ಸವರುತ್ತಿದ್ದರು. ದೊಡ್ಡಮ್ಮ ಆಗಲೇ ಬೀದಿಗೆ ಇಳಿದಿದ್ದರು. ಚಾರ್ಜರ್ ಮರೆತೆ ಎಂದು ಸುಳ್ಳು ಹೇಳಿ ನಾನು ಒಳಗೆ ಓಡಿದೆ. ಅಂಗಡಿಗೆ ಯಾರಾದರೂ ಚಾರ್ಜರ್ ತೆಗೆದುಕೊಂಡು ಹೋಗುತ್ತಾರೆಯೇ ಎಂದು ದೊಡ್ಡಮ್ಮ ಯೋಚಿಸುವುದರೊಳಗೆ ಬೋಣಿ ಮಾಡಬೇಕಿತ್ತು. ಕೋಟು ಕೊಂಡರೆ ಕೈಚೀಲ ನೋಡಿ ಹಿಡಿದುಬಿಡುತ್ತಾರೆ. ಗಲ್ಲೆಯ ಪಕ್ಕ ಕೈಗೆ ಸಿಕ್ಕಿದ್ದನ್ನು ತೆಗೆದು ನೋಟು ಚಾಚಿದೆ. ಎಲೆನಾ ಆ ನೋಟಿನಿಂದಲೇ ಹಣೆ, ಎದೆ, ಎರಡೂ ಭುಜ ಮುಟ್ಟಿಕೊಂಡು ಶಿಲುಬೆಯ ಗುರುತು ಮಾಡಿದರು, ನೋಟಿಗೆ ಒಂದು ಮುತ್ತು ಕೊಟ್ಟು ಪೆಟ್ಟಿಗೆಗೆ ಹಾಕಿದರು. "ಇವತ್ತಿನ ಮೊದಲನೆಯದು," ಎಂದು ನನಗೆ ವಿವರಿಸಿದರು. ನನಗೆ ವಿವರಿಸಬೇಕಿರಲಿಲ್ಲ. ಕಣ್ಣು ತುಂಬಿ ಬಂತು. ಹೊರಗೆ ಬಂದು ಕೈಯಲ್ಲಿದ್ದದ್ದನ್ನು ನೋಡಿದೆ: ಒಂದು ಪಟ್ಟಿ ಗುಂಡುಸೂಜಿ. ಇಡೀ ಅಂಗಡಿಯನ್ನು ಕೆಳಗಿಳಿಸಿ ಗುಂಡುಸೂಜಿ ಕೊಂಡವಳ ಪರವಾಗಿ ಮುನ್ನೂರು ಪುಟ ವಾದಿಸಿದ ನನಗೆ, ಅವಳು ಅಷ್ಟನ್ನಾದರೂ ಯಾಕೆ ಕೊಂಡಳೆಂಬುದು ಆಗ ಹೊಳೆಯಿತು. ಪುಟ ತಿದ್ದುವ ಕಾಲ ಮಾತ್ರ ಮೀರಿತ್ತು.

ಆಮೇಲೆ ಎಷ್ಟು ಅಂಗಡಿ ಹತ್ತಿ ಇಳಿದೆವೋ ಲೆಕ್ಕವಿಡಲಿಲ್ಲ. ದೊಡ್ಡಮ್ಮನ ಕಣ್ಣೆಲ್ಲ ಹವಳದ ಬಣ್ಣ, ಪಿಸ್ತಾ ಬಣ್ಣದ ಮೇಲೆ. ಒಂದು ಅಂಗಡಿಯಲ್ಲಿ ಮುತ್ತು ಪೋಣಿಸಿದ ಗೌನೊಂದನ್ನು ನನ್ನ ಮೈಮೇಲೆ ಹಿಡಿದು, ಅಂಗಡಿಯ ಹುಡುಗಿಗೆ ಗುಟ್ಟಾಗಿ ಇಂಗ್ಲಿಷಿನಲ್ಲಿ, "ಇವತ್ತು ಒಬ್ಬರನ್ನ ಭೇಟಿಯಾಗ್ತಾಳೆ" ಎಂದರು. ಆ ಹುಡುಗಿ ನನ್ನ ಕೈಹಿಡಿದು, ನೀವು ನೀವಾಗಿಯೇ ಇರಿ, ಎಲ್ಲ ಒಳ್ಳೆಯದಾಗುತ್ತದೆ ಎಂದು ಹಾರೈಸಿದಳು. ನಾನು ಥ್ಯಾಂಕ್ಸ್ ಹೇಳಿದೆ. ಗಡಿಯಾರ ಒಂದು ಗಂಟೆಯ ಹತ್ತಿರ ಬಂದಿತ್ತು, ನನ್ನ ಬಳಿ ಕೋಟಿರಲಿಲ್ಲ, ತೊಟ್ಟಿದ್ದ ತೆಳು ಕುರ್ತಾದ ಮೇಲೆ ಬೆಳಗಿನ ಉಪ್ಪಿಟ್ಟಿನ ಒಗ್ಗರಣೆಯ ಕಲೆಯಿತ್ತು. ಗೌನನ್ನು ದೊಡ್ಡಮ್ಮನ ಕೈಯಿಂದ ತೆಗೆದು ಗೂಟಕ್ಕೆ ಹಾಕಿದೆ.

"ದೊಡ್ಡಮ್ಮ, ನಾನು ಯಾವ ಹುಡುಗನ್ನೂ ನೋಡಕ್ಕೆ ಹೋಗ್ತಿಲ್ಲ. ಇಂಟರ್ವ್ಯೂ ಇದೆ. ಇದಾಗ್ಲಿಲ್ಲ ಅಂದ್ರೆ ಊರಿಗೆ ವಾಪಸ್."

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ನನ್ನ ಹತ್ರಾನೂ ಹೇಳ್ಬಾರ್ದಾಗಿತ್ತಾ?"

"ಆಗದೇ ಹೋದ್ರೆ ನಿಮಗೂ ಹೇಳ್ಬೇಕಲ್ಲ ಅಂತ."

"ಆಗದೇ ಹೋದ್ರೆ ಹೇಳಕ್ಕೇ ಅಲ್ವೇನೇ ನಾವಿರೋದು," ಎಂದರು. ಅಷ್ಟೇ. ಆಮೇಲೆ ಅವರ ಮುಖ ಬದಲಾಯಿತು. ಆಪರೇಷನ್ ಥಿಯೇಟರಿನಲ್ಲಿ ಅವರನ್ನು ನಾನು ನೋಡಿಲ್ಲ, ಆದರೆ ಹೀಗೇ ಇದ್ದಿರಬೇಕು. ನನ್ನ ಮುಂಗೈ ಹಿಡಿದು ಬೀದಿಯುದ್ದಕ್ಕೂ ನಡೆಸಿಕೊಂಡು ನೇರ ಎಲೆನಾರ ಅಂಗಡಿಗೆ ಹೋದರು. ಅಂಗಡಿ ಕಿಕ್ಕಿರಿದಿತ್ತು. ನನ್ನನ್ನು ಕಂಡದ್ದೇ ಎಲೆನಾ ಜನರನ್ನು ಸರಿಸಿಕೊಂಡು ಬಂದು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ನೀವು ಹೋದ ಮೇಲೆ ಒಂದು ನಿಮಿಷ ಕೂರಲು ಬಿಡುವಾಗಿಲ್ಲ, ಎಂಥ ಕೈ ನಿಮ್ಮದು, ಕೋಟುಗಳೆಲ್ಲ ಹೋದವು ಎಂದರು.

"ಬೂದು ಬಣ್ಣದ್ದು?"

"ಅದೇ ಮೊದಲು ಹೋಯಿತು."

ನನ್ನ ಕೈಗುಣವೇ ನನ್ನ ಕೋಟನ್ನು ಮಾರಿಬಿಟ್ಟಿತ್ತು.

ದೊಡ್ಡಮ್ಮ ತಾವು ತೊಟ್ಟಿದ್ದ ಕಪ್ಪು ಕೋಟನ್ನು ಬಿಚ್ಚಿ ನನಗೆ ತೊಡಿಸಿದರು. ಅದರಲ್ಲಿ ನಾನೂ ಇನ್ನೊಬ್ಬಳೂ ಆರಾಮಾಗಿ ಇರಬಹುದಿತ್ತು. ಎಲೆನಾ ನನ್ನ ಸುತ್ತ ಒಂದು ಸುತ್ತು ಬಂದು, ಬೆನ್ನ ಹಿಂದೆ ಬಟ್ಟೆಯನ್ನು ಒಟ್ಟುಗೂಡಿಸಿ ಹಿಡಿದು, "ಗುಂಡುಸೂಜಿ," ಎಂದು ಕೈ ಚಾಚಿದರು. ನಾನು ಚೀಲದಿಂದ ಪಟ್ಟಿ ತೆಗೆದುಕೊಟ್ಟೆ.

"ಇದ್ಯಾವಾಗ ತಗೊಂಡೆ?" ದೊಡ್ಡಮ್ಮ ಕೇಳಿದರು.

"ಚಾರ್ಜರ್ ತರಕ್ಕೆ ಹೋದಾಗ."

"ಥೂ ನಿನ್ನ," ಎಂದು ಅವರು ಕಾಲರನ್ನು ಸರಿಪಡಿಸಿದರು. ಕಲೆ ಮುಚ್ಚಿತು. ಮುಂದಿನಿಂದ ನೋಡಿದರೆ ನಾನು ಕೆಲಸಕ್ಕೆ ಯೋಗ್ಯಳಾಗಿ ಕಂಡೆ. ಹಿಂದಿನಿಂದ ಮುಳ್ಳುಹಂದಿಯಂತಿದ್ದೆನಂತೆ. "ಯಾರಿಗೂ ಬೆನ್ನು ತೋರಿಸ್ಬೇಡ," ಎಂದು ದೊಡ್ಡಮ್ಮ ಮ್ಯೂಸಿಯಮ್ಮಿನ ಬಾಗಿಲಲ್ಲಿ ಇಳಿಸಿ ಹೋದರು.

ಇಂಟರ್ವ್ಯೂ ಮಾಡಿದವರು ಮೂವರು. ಉಗ್ರಾಣ ತೋರಿಸುತ್ತೇವೆ ಬನ್ನಿ ಎಂದಾಗ ಪ್ರತಿ ಬಾಗಿಲಲ್ಲೂ ನಾನು "ಮೊದಲು ತಾವು" ಎಂದು ದಾರಿ ಬಿಟ್ಟೆ. ಇಷ್ಟು ವಿನಯದ ಅಭ್ಯರ್ಥಿಯನ್ನು ಅವರು ನೋಡಿರಲಿಕ್ಕಿಲ್ಲ. ಕುರ್ಚಿಗೆ ಒರಗುವಂತಿರಲಿಲ್ಲವಾದ್ದರಿಂದ ಉತ್ಸಾಹದಿಂದ ಮುಂದೆ ಬಾಗಿ ಕೂತವಳಂತೆ ಕಂಡೆ. ಈ ಪ್ರದರ್ಶನದಲ್ಲಿ ಜನರಿಗೆ ಮೊದಲು ಏನು ಕಾಣಬೇಕು ಎಂದು ಅವರು ಕೇಳಿದರು. ಆ ಮಹಿಳೆ, ಅವಳ ಟೋಪಿ, ಅವಳ ಸ್ವಾತಂತ್ರ್ಯ ಎಂದು ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ. ಅವಳು ಎದ್ದು ಹೋದ ಮೇಲಿನ ಕೌಂಟರ್ ಕಾಣಬೇಕು, ಬಿಚ್ಚಿ ಬಿದ್ದ ಅಷ್ಟೂ ರೇಷ್ಮೆ, ಅದರ ಹಿಂದೆ ಮಡಿಸುತ್ತಾ ನಿಂತ ಒಬ್ಬ ಮನುಷ್ಯ ಎಂದುಬಿಟ್ಟೆ. ಸ್ವಾತಂತ್ರ್ಯದ ಹಿಂದೆ ಯಾರಾದರೂ ಒಬ್ಬರು ಮಡಿಸುತ್ತಿರುತ್ತಾರೆ ಎಂದೂ ಹೇಳಿದೆ. ಮೂವರೂ ತಲೆ ತಗ್ಗಿಸಿ ಏನೋ ಬರೆದುಕೊಂಡರು. ಮುಗಿಯಿತು ನನ್ನ ಕಥೆ ಎಂದುಕೊಂಡು ಎದ್ದು, ನಗುತ್ತಾ, ಹಿಮ್ಮುಖವಾಗಿ ಬಾಗಿಲ ಕಡೆ ನಡೆದೆ. ಅವರಲ್ಲಿ ಹಳೆಯ ಬಟ್ಟೆಗಳನ್ನು ರಿಪೇರಿ ಮಾಡುವ ಹಿರಿಯ ಮಹಿಳೆಯೊಬ್ಬರು ಬಾಗಿಲು ತೆರೆಯಲು ಬಂದವರು, ನನ್ನ ಕಿವಿಯ ಬಳಿ, "ಸೂಜಿ ಚುಚ್ಚಿದವರಿಗೆ ಬಟ್ಟೆ ಗೊತ್ತಿದೆ," ಎಂದರು.

ಮುಂದಿನ ವಾರ ಫೋನ್ ಬಂತು. ಕೆಲಸ ನಿಮಗೇ ಎಂದರು. ಆಮೇಲೆ ಷರತ್ತುಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು: ಸಂಬಳ, ರಜೆ, ವೀಸಾದ ಕಾಗದ, ವಾರಕ್ಕೆ ಎರಡು ದಿನ ಪ್ರದರ್ಶನದ ಬದಲು ಮ್ಯೂಸಿಯಮ್ಮಿನೊಳಗಿನ ಉಡುಗೊರೆ ಅಂಗಡಿಯಲ್ಲಿ ಗಲ್ಲೆಯ ಹಿಂದೆ ನಿಲ್ಲುವುದು. ಯೋಚಿಸಿ ಹೇಳಿ, ಅವಸರವಿಲ್ಲ ಎಂದೂ ಹೇಳಿದರು. ಅಷ್ಟೆಲ್ಲ ಬಿಚ್ಚಿ ಹರಡಿದ ಮೇಲೆ ಯೋಚಿಸುತ್ತೇನೆ ಎಂದು ಎದ್ದು ಹೋಗುವುದು ಹೇಗೆ? ಅವರ ಮಾತು ಮುಗಿಯುವ ಮುಂಚೆಯೇ ಒಪ್ಪಿಕೊಂಡೆ. ದೊಡ್ಡಮ್ಮನಿಗೆ ಈ ಸಲ ಮೊದಲೇ ಹೇಳಿದೆ.

"ಸ್ವಲ್ಪ ಎಳೆದಾಡ್ಬಾರ್ದಿತ್ತೇನೇ? ಬಾಗಿಲ ತನಕ ಹೋಗಿದ್ರೆ ಅವ್ರೇ ಕರೀತಿದ್ರು."

"ಫೋನಲ್ಲಿ ಬಾಗಿಲೆಲ್ಲಿ ದೊಡ್ಡಮ್ಮ?"

"ಎಲ್ಲಿದ್ರೂ ನೀನು ಹುಡುಕ್ತಿರ್ಲಿಲ್ಲ ಬಿಡು," ಎಂದವರು ಸಂಜೆಯೊಳಗೆ ಇಡೀ ಮೈಸೂರಿಗೆ ಸುದ್ದಿ ಮುಟ್ಟಿಸಿದರು.

ಹೀಗೆ ನಾನೀಗ ವಾರಕ್ಕೆರಡು ದಿನ ಗಲ್ಲೆಯ ಹಿಂದೆ ನಿಲ್ಲುತ್ತೇನೆ. ಜನ ಬರುತ್ತಾರೆ, ಬೀಸಣಿಗೆ ಬಿಚ್ಚುತ್ತಾರೆ, ಶಾಲು ಹೊದ್ದು ನೋಡುತ್ತಾರೆ, ಸುಮ್ಮನೆ ನೋಡುತ್ತಿದ್ದೇವೆ ಎಂದು ಹೇಳಿ ಹೋಗುತ್ತಾರೆ. ಹೋಗಲಿ, ಅದು ಅವರ ಸ್ವಾತಂತ್ರ್ಯ; ನಾನೇ ಬರೆದಿದ್ದೇನೆ. ಹೋದ ಶನಿವಾರ ಕಾಲೇಜಿನ ಹುಡುಗಿಯೊಬ್ಬಳು ಬಂದು ಎಲ್ಲವನ್ನೂ ಮೆಲ್ಲಗೆ ಮುಟ್ಟಿ, ತೆಗೆದದ್ದನ್ನು ಇದ್ದಲ್ಲಿಯೇ ಇದ್ದಂತೆಯೇ ಇಟ್ಟು, ಬಾಗಿಲ ಕಡೆ ನೋಡಿದಳು. ಮತ್ತೆ ನನ್ನ ಕಡೆ ನೋಡಿದಳು. ಅವಳ ಕಾಲು ಏಳುತ್ತಿರಲಿಲ್ಲ. ಆ ಸಂಕಟ ನನಗೆ ಚೆನ್ನಾಗಿ ಗೊತ್ತು. ಅಂಥವಳಿಗೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಬೇರೆ ಕಡೆ ತಿರುಗಿ, ಅವಳು ತಪ್ಪಿಸಿಕೊಳ್ಳಲು ಬಿಡುವುದು. ನಾನು ನೆಟ್ಟಗೆ ನಿಂತು, ಅವಳ ಕಣ್ಣಲ್ಲಿ ಕಣ್ಣಿಟ್ಟು, ತುಂಬು ಪ್ರೀತಿಯಿಂದ ನಕ್ಕು, ಇವತ್ತಿನ ಮೊದಲ ಗಿರಾಕಿ ನೀವೇ ಎಂದೆ. ಅವಳು ಎರಡು ಬೀಸಣಿಗೆ ಮತ್ತೊಂದು ಶಾಲು ಕೊಂಡಳು. ಆಗ ಮಧ್ಯಾಹ್ನ ನಾಲ್ಕು ಗಂಟೆ ದಾಟಿತ್ತು.